ಚಿಂಗ್ ಪೋ ಲೆಂಗ್ ಸೂಪ್ ಕಹಿಯಾಗದ ಹಾಗೆ ಮಾಡೋದು

ಸಿಂಗಾಪುರದಲ್ಲಿರುವವರಿಗೆ ಒಂದು ಸಲಹೆ. ಚಿಂಗ್ ಪೋ ಲೆಂಗ್ ಮೂಲತಃ ದಕ್ಷಿಣ ಚೀನಾದ ಕ್ಯಾಂಟನೀಸ್ ಮನೆಗಳ ಸೂಪ್, ಮೈ ತಂಪಾಗುತ್ತದೆ ಅಂತ ಅವರ ನಂಬಿಕೆ. ಅಂಗಡಿಯಲ್ಲಿ ಇದರ ಸಾಮಗ್ರಿಗಳ ಪೊಟ್ಟಣವೇ ಸಿಗುತ್ತದೆ, ಆದರೆ ಬಿಡಿಯಾಗಿ ತಗೊಳ್ಳಿ. ಹುವಾಯ್ ಶಾನ್ ಅನ್ನುವ ಒಣ ಗೆಡ್ಡೆಯ ಬಿಲ್ಲೆ ತೀರಾ ಬೆಳ್ಳಗಿದ್ದರೆ ಬೇಡ, ಗಂಧಕದ ಹೊಗೆ ಕೊಟ್ಟಿರಬಹುದು.

ನಾಲ್ಕು ಜನಕ್ಕೆ ಈ ಬಿಲ್ಲೆ, ತಾವರೆ ಬೀಜ, ಚೈನೀಸ್ ಬಾರ್ಲಿ (ಜಾಬ್ಸ್ ಟಿಯರ್ಸ್ ಅನ್ನುವ ಧಾನ್ಯ, ಮಾಮೂಲಿ ಬಾರ್ಲಿ ಅಲ್ಲ) ತಲಾ 20 ಗ್ರಾಂ, ಲಿಚಿಯಂಥ ಲಾಂಗನ್ ಹಣ್ಣು ಒಣಗಿಸಿದ್ದು ಹತ್ತು ಸಾಕು. ತಾವರೆ ಬೀಜವನ್ನು ನೆನೆಸಿ ಬಿಡಿಸಿ, ಒಳಗಿನ ಹಸಿರು ಮೊಳಕೆ ತೆಗೆಯಲೇಬೇಕು, ಕಹಿ ಬರೋದು ಅದರಿಂದಲೇ, ಮೊದಲ ಸಲ ನಾನು ಬಿಟ್ಟು ಇಡೀ ಪಾತ್ರೆ ಚೆಲ್ಲಬೇಕಾಯಿತು. ಅರ್ಧ ಕೆಜಿ ಕೋಳಿಯನ್ನು ಕುದಿನೀರಲ್ಲಿ ಒಮ್ಮೆ ಅದ್ದಿ ತೊಳೆದು, 2 ಲೀಟರ್ ತಣ್ಣೀರಲ್ಲಿ ಎಲ್ಲದರ ಜೊತೆ ಇಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಎರಡು ಗಂಟೆ. ಗೋಜಿ ಅನ್ನುವ ಸಣ್ಣ ಕೆಂಪು ಒಣ ಹಣ್ಣು ಕೊನೆಯ ಹತ್ತು ನಿಮಿಷಕ್ಕೆ, ಉಪ್ಪು ಇಳಿಸುವಾಗ. ಸಸ್ಯಾಹಾರಿಗಳು ಕೋಳಿ ಬದಲು ಮೆಕ್ಕೆಜೋಳದ ತೆನೆ, ಕ್ಯಾರೆಟ್ ಹಾಕಿ, ರುಚಿಗೇನೂ ಮೋಸವಿಲ್ಲ.

ಗರ್ಭಿಣಿಯರಿಗೆ ಈ ಬಾರ್ಲಿ ಕೊಡೋದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಗೋಜಿ ಹಾಕಲೇಬೇಡಿ, ರಕ್ತಸ್ರಾವದ ಅಪಾಯ ಇದೆ.