ರೂಮ್ ಹೀಟರ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಚಳಿ ಶುರುವಾದರೆ ಸಾಕು, ಯಾವ ಹೀಟರ್ ಕರೆಂಟ್ ಕಮ್ಮಿ ತಿನ್ನುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಫ್ಯಾನ್ ಹೀಟರ್, ಆಯಿಲ್ ಹೀಟರ್, ಕೆಂಪಗೆ ಉರಿಯುವ ರಾಡ್ ಹೀಟರ್ ಮೂರೂ ಅದರಲ್ಲಿ ಒಂದೇ. 2000 ವ್ಯಾಟ್‌ನದು ಒಂದು ಗಂಟೆ ಬಿಡದೆ ಉರಿದರೆ 2 ಯೂನಿಟ್, ಅಷ್ಟಕ್ಕೆ ತಕ್ಕ ಶಾಖ.

ವ್ಯತ್ಯಾಸ ಇರುವುದು ಶಾಖ ಬರುವ ರೀತಿಯಲ್ಲಿ. ರಾಡ್ ಹೀಟರ್ ಮುಂದೆ ಕೂತರೆ ಮೊಣಕಾಲು ಸುಡುತ್ತೆ, ಬೆನ್ನು ಮಾತ್ರ ತಣ್ಣಗೇ ಇರುತ್ತೆ. ಫ್ಯಾನ್ ಹೀಟರ್ ಚಿಕ್ಕ ರೂಮನ್ನು ಬೇಗ ಬಿಸಿ ಮಾಡುತ್ತದೆ, ಆದರೆ ಸದ್ದು ಜಾಸ್ತಿ, ಆಫ್ ಮಾಡಿದರೆ ಮತ್ತೆ ಚಳಿ. ಮಲಗುವ ಕೋಣೆಗೆ ನನ್ನ ಓಟು ಆಯಿಲ್ ಹೀಟರ್‌ಗೆ. ಬಿಸಿಯಾಗಲು ಸಮಯ ಬೇಕು, ಆದರೆ ಸದ್ದಿಲ್ಲ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತೆ. (ಎಣ್ಣೆ ಆಗಾಗ ತುಂಬಿಸಬೇಕಾ ಅಂತ ಕೇಳಬೇಡಿ, ಅದು ಒಳಗೇ ಸೀಲ್ ಆಗಿರುತ್ತೆ.)

ಕರೆಂಟ್ ನಿಜವಾಗಿ ಉಳಿಯಬೇಕು ಅಂದರೆ ಹೀಟ್ ಪಂಪ್, ಅಂದರೆ ಬಿಸಿ ಗಾಳಿಯನ್ನೂ ಕೊಡುವ ಏಸಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ಒಳಗೆ ತರುತ್ತದೆ, ಹಾಗಾಗಿ 1 ಯೂನಿಟ್ ಕರೆಂಟ್‌ಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ. ಹೊರಗೆ ತೀರಾ ಚಳಿ ಇದ್ದರೆ ಈ ಲಾಭ ಇಳಿಯುತ್ತದೆ. ಮೊದಲ ಖರ್ಚೂ ಜಾಸ್ತಿ.

ಗ್ಯಾಸ್ ಹೀಟರ್ ಆದರೆ ಹೊಗೆ ಹೊರಗೆ ಹೋಗುವ ಪೈಪ್ ಇರಲೇಬೇಕು. ಉರಿಯುವಾಗ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಅಂತೂ ಬೇಡವೇ ಬೇಡ.

ಇನ್ನೊಂದು, ಹೀಟರನ್ನು ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಬೇಡಿ, ನೇರ ಗೋಡೆಯ ದೊಡ್ಡ ಸಾಕೆಟ್‌ಗೆ ಹಾಕಿ. ಅರ್ಧ ಗಂಟೆ ಬಿಟ್ಟು ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ತುಂಬಾ ಬಿಸಿ ಅನ್ನಿಸಿದರೆ ಎಲೆಕ್ಟ್ರಿಷಿಯನ್‌ಗೆ ತೋರಿಸುವವರೆಗೆ ಮತ್ತೆ ಹಾಕಬೇಡಿ.