ಹಪ್ಪಳದ ಒತ್ತು: ನಾನು ಲೋಗೋ ಮಾಡೋದು ಕಲಿತದ್ದು ಹೀಗೆ

ಡಿಸೈನ್ ಕೋರ್ಸಿನ ಮೊದಲ ವರ್ಷ ನಮ್ಮ ಮೇಷ್ಟ್ರು ಕೊಟ್ಟ ಕೆಲಸ ಒಂದೇ. ದಿನಕ್ಕೊಂದು ಲೋಗೋ ನೋಡಿ, ಕೈಯಲ್ಲಿ ಬರೆದು ತನ್ನಿ. ಕಂಪ್ಯೂಟರ್ ಮುಟ್ಟಬೇಡಿ. ಪೆನ್ಸಿಲ್, ಸ್ಕೇಲು, ಕೈವಾರ ಸಾಕು. ನಾನು ಮೈಸೂರಿಗೆ ಬಂದಿದ್ದು ಡಿಸೈನ್ ಸಾಫ್ಟ್‌ವೇರ್ ಕಲಿಯೋಕೆ ಅಂತ, ಹಾಗಾಗಿ ಮೊದಲ ವಾರ ನನಗೆ ಇದು ಹಿಡಿಸಲಿಲ್ಲ. ಈಗ ಮೂರನೇ ವರ್ಷ. ಆ ನೋಟ್‌ಬುಕ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.

ಮೊದಲು ಆರಿಸಿಕೊಂಡದ್ದು ಸ್ಟೇಟ್ ಬ್ಯಾಂಕಿನ ಲೋಗೋ. ಸುಲಭ ಅಂದುಕೊಂಡೆ. ಒಂದು ನೀಲಿ ವೃತ್ತ, ನಡುವೆ ಸಣ್ಣ ತೂತು, ಅಲ್ಲಿಂದ ಕೆಳಗಿನ ಅಂಚಿನವರೆಗೆ ಒಂದು ಸೀಳು, ಅಷ್ಟೇ ತಾನೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಶೇಖರ್ ಕಾಮತ್ 1971ರಲ್ಲಿ ಮಾಡಿದ್ದು. ಎರಡು ನಿಮಿಷದಲ್ಲಿ ಮುಗಿಸಿ ಪಕ್ಕಕ್ಕಿಟ್ಟು ನೋಡಿದರೆ ಅದು ಸ್ಟೇಟ್ ಬ್ಯಾಂಕ್ ಆಗಿರಲೇ ಇಲ್ಲ. ಸೀಳು ಸ್ವಲ್ಪ ಅಗಲ ಆಗಿತ್ತು, ವೃತ್ತ ಒಡೆದ ಬಳೆಯ ಹಾಗೆ ಕಾಣ್ತಿತ್ತು. ಇನ್ನೊಮ್ಮೆ ಬರೆದೆ, ಈ ಸಲ ಸೀಳು ಸಣ್ಣ. ಕೈ ಉದ್ದ ಚಾಚಿ ಹಿಡಿದು ನೋಡಿದರೆ ಸೀಳೇ ಮಾಯ, ಬರೀ ತೂತು ಬಿದ್ದ ಬಿಲ್ಲೆ. ಆ ದಿನ ಹನ್ನೊಂದು ಸಲ ಬರೆದೆ. ಆ ಲೋಗೋದಲ್ಲಿ ನಿಜವಾಗಿ ಬರೆಯಬೇಕಾಗಿದ್ದು ನೀಲಿ ಭಾಗ ಅಲ್ಲ, ಖಾಲಿ ಭಾಗ ಅಂತ ಕೈಗೆ ಗೊತ್ತಾಗಿದ್ದು ಆಗ. ಕಣ್ಣಿಗೆ ಗೊತ್ತಾಗೋದು ಬೇರೆ, ಕೈಗೆ ಗೊತ್ತಾಗೋದು ಬೇರೆ.

ಅದಾದ ಮೇಲೆ ಕೊರಿಯರ್ ಕಂಪನಿ ಫೆಡೆಕ್ಸಿನದ್ದು ಬರೆದೆ. ಲಿಂಡನ್ ಲೀಡರ್ 1994ರಲ್ಲಿ ಮಾಡಿದ ಲೋಗೋ ಅದು, ಕೊನೆಯ ಎರಡು ಅಕ್ಷರಗಳ ನಡುವಿನ ಜಾಗದಲ್ಲಿ ಬಾಣ ಇರೋದು ಈಗ ಎಲ್ಲರಿಗೂ ಗೊತ್ತು. ಆದರೆ ನೀವೇ ಯಾವುದಾದರೂ ದಪ್ಪ ಇಂಗ್ಲಿಷ್ ಫಾಂಟಿನಲ್ಲಿ ಆ ಹೆಸರು ಟೈಪ್ ಮಾಡಿ ನೋಡಿ, ಬಾಣ ಬರಲ್ಲ. ಆ ಜಾಗ ಬಾಣ ಆಗಲಿ ಅಂತ ಅಕ್ಷರಗಳನ್ನೇ ತಿದ್ದಿ ಹೊಸದಾಗಿ ಬರೆದಿದ್ದಾರೆ. ಕನ್ನಡದಲ್ಲಿ ಇದಕ್ಕೆ ಎಷ್ಟು ಜಾಗ ಇದೆ ಅಂತ ಆಮೇಲೆ ಹುಡುಕುತ್ತಾ ಹೋದೆ. ಠ, ರ, ಳ ಇವುಗಳ ಹೊಟ್ಟೆಯೊಳಗಿನ ಬಿಳಿ ನೋಡಿ. ಅಕ್ಷರಕ್ಕೂ ಒತ್ತಿಗೂ ನಡುವಿನ ಬಿಳಿ ನೋಡಿ.

ಎಲ್ಲ ಲೋಗೋಗಳೂ ಹೀಗೇ ಕಮ್ಮಿ ಗೆರೆಯಲ್ಲಿ ಇರಬೇಕು ಅಂತಿಲ್ಲ. ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನ ಶರಭದಲ್ಲಿ ಸಿಂಹದ ಮೈ, ಆನೆಯ ತಲೆ, ಬೇಕಾದಷ್ಟು ಗೆರೆ. ಸೋಪಿನ ಮೇಲೆ ಒತ್ತಿದ ಗುರುತು ನಾಲ್ಕು ದಿನದ ಸ್ನಾನಕ್ಕೆ ಸವೆದು ಹೋಗುತ್ತೆ, ಆದರೂ ಬಚ್ಚಲಲ್ಲಿ ಆ ಮೊಟ್ಟೆಯಾಕಾರ ನೋಡಿದರೆ ಯಾವ ಸೋಪು ಅಂತ ಯಾರೂ ಕೇಳಲ್ಲ. ಗುರುತು ಅಂದರೆ ಚಿತ್ರ ಒಂದೇ ಅಲ್ಲ ಅನ್ನೋದನ್ನ ಆ ಸೋಪಿನಿಂದ ಕಲಿತೆ.

ಜಾಹೀರಾತಿಗೆ ನಾನು ಮಾಡಿಕೊಂಡ ಅಭ್ಯಾಸ ಇನ್ನೊಂದು. ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ, ಕಂಪನಿಯ ಹೆಸರಿನ ಮೇಲೆ ಬೆರಳಿಡೋದು. ಹೆಸರು ಮುಚ್ಚಿದ ಮೇಲೂ ಯಾರದ್ದು ಅಂತ ಗೊತ್ತಾಗುತ್ತಾ? ಬಹಳಷ್ಟು ಗೊತ್ತಾಗಲ್ಲ. ಚಿನ್ನದಂಗಡಿ, ಸೀರೆ ಅಂಗಡಿ, ಅಪಾರ್ಟ್‌ಮೆಂಟು, ಎಲ್ಲದರಲ್ಲೂ ಅದೇ ನಗುವ ಸಂಸಾರ. ಅಮೂಲ್ ಹುಡುಗಿಯನ್ನ ಮಾತ್ರ ಎಷ್ಟು ಮುಚ್ಚಿದರೂ ಗೊತ್ತಾಗಿಬಿಡುತ್ತೆ. ಜಾಹೀರಾತುಗಾರ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ 1966ರಲ್ಲಿ ಶುರು ಮಾಡಿದ್ದು. ವಿಷಯ ದಿನಾ ಬದಲಾಗುತ್ತೆ, ಒಮ್ಮೆ ಕ್ರಿಕೆಟ್, ಒಮ್ಮೆ ಚುನಾವಣೆ. ಆದರೆ ಚುಕ್ಕಿ ಫ್ರಾಕು, ನೀಲಿ ಕೂದಲು, ದಪ್ಪ ಗೆರೆ ಬದಲಾಗಲ್ಲ. ಬದಲಾಯಿಸದೇ ಇರೋದಕ್ಕೂ ಧೈರ್ಯ ಬೇಕು ಅಲ್ವಾ. ನಾವು ವಿದ್ಯಾರ್ಥಿಗಳು ಪ್ರತಿ ಪೋಸ್ಟರಿಗೂ ಹೊಸ ಫಾಂಟು, ಹೊಸ ಬಣ್ಣ ಹುಡುಕ್ತಾ ಇರ್ತೀವಿ.

ಎರಡನೇ ವರ್ಷ ಸಂಜೆ ಹೊತ್ತು ಒಂದು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ ಸೇರಿದೆ. ಕನ್ನಡ ಅಕ್ಷರದ ಬಗ್ಗೆ ನನಗೆ ಗೊತ್ತಿರೋದರಲ್ಲಿ ಅರ್ಧ ಅಲ್ಲಿ ಕಲಿತದ್ದು. ಒಬ್ಬರು ಟ್ಯೂಷನ್ ಕ್ಲಾಸಿನ ಕರಪತ್ರ ಮಾಡಿಸೋಕೆ ಬಂದರು, ಕೈಯಲ್ಲಿ ಮೂವತ್ತೊಂದು ಸಾಲು ಬರೆದುಕೊಂಡಿದ್ದರು. ನಾನು 1959ರ ಫೋಕ್ಸ್‌ವ್ಯಾಗನ್ ಜಾಹೀರಾತನ್ನು ಆಗಷ್ಟೇ ಓದಿಕೊಂಡಿದ್ದೆ. ಹೆಲ್ಮುಟ್ ಕ್ರೋನ್ ಮಾಡಿದ್ದು, ಪುಟದ ತುಂಬಾ ಖಾಲಿ ಜಾಗ, ಮೂಲೆಯಲ್ಲಿ ಇಷ್ಟೇ ಇಷ್ಟು ಕಾರು. ಅದೇ ಹುಮ್ಮಸ್ಸಿನಲ್ಲಿ ಅವರಿಗೆ ಅರ್ಧ ಹಾಳೆ ಖಾಲಿ ಬಿಟ್ಟು ತೋರಿಸಿದೆ. ಅವರು ಬೈಯಲಿಲ್ಲ. 'ಜಾಗಕ್ಕೂ ದುಡ್ಡು ಕೊಡ್ತಿದೀನಲ್ಲಪ್ಪಾ' ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆಗ ಇದನ್ನ ಯಾರು ಓದ್ತಾರೆ, ಎಲ್ಲಿ ಓದ್ತಾರೆ ಅಂತ ಕೇಳಿದೆ. ಬೆಳಿಗ್ಗೆ ಪೇಪರ್ ಒಳಗಿಂದ ಜಾರಿ ಬೀಳುತ್ತೆ, ಅಮ್ಮಂದಿರು ಎತ್ತಿ ನೋಡ್ತಾರೆ ಅಂದರು. ಹಾಗಾದರೆ ನೆಲದ ಮೇಲೆ ಬಿದ್ದಾಗ ನಿಂತಲ್ಲಿಂದಲೇ ಓದೋಕಾಗುವ ಸಾಲು ಒಂದಾದರೂ ಬೇಕಲ್ವಾ ಅಂತ, 'ಎಂಟರಿಂದ ಹತ್ತನೇ ತರಗತಿ, ಗಣಿತ' ಅನ್ನೋದನ್ನ ಮೇಲೆ ದೊಡ್ಡದಾಗಿ ಹಾಕಿದೆ. ಮೂವತ್ತೊಂದು ಸಾಲು ಒಂಬತ್ತಕ್ಕೆ ಇಳಿಯಿತು. ಅವರು ಎರಡು ವಾಪಸ್ ಸೇರಿಸಿದರು. ಹನ್ನೊಂದಕ್ಕೆ ಒಪ್ಪಿಗೆ ಆಯ್ತು.

ಆ ಬೇಸಿಗೆಯಲ್ಲೇ ಶಿರಸಿಯಿಂದ ಅತ್ತೆ ಫೋನ್ ಮಾಡಿದ್ದು. ಅತ್ತೆ ಹಲಸಿನ ಹಪ್ಪಳ ಮಾಡಿ ಮಾರ್ತಾರೆ. ಅಲ್ಲಿಯವರೆಗೆ ಬಿಳಿ ಪ್ಲಾಸ್ಟಿಕ್ ಕವರಿಗೆ ಚೀಟಿ ಹಾಕಿ ಕೊಡ್ತಿದ್ದರು. ಈ ಸಲ ಹೆಸರು ಹಾಕಿದ ಕವರ್ ಬೇಕು ಅಂದರು.

ನನ್ನ ಮೊದಲ ಲೋಗೋದಲ್ಲಿ ಎಲ್ಲವೂ ಇತ್ತು. ಅತ್ತೆಯ ಮುಖ, ಹಲಸಿನ ಹಣ್ಣು, ಸೂರ್ಯ, ಚಾಪೆ. ಅದಕ್ಕೆ ಕಾರಣ ಏಷ್ಯನ್ ಪೇಂಟ್ಸಿನ ಗಟ್ಟು. ನಮ್ಮ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಬರೆದ ಆ ತುಂಟ ಹುಡುಗ ನನಗೆ ತುಂಬಾ ಇಷ್ಟ. ಅತ್ತೆಯೂ ಹಾಗೇ ಒಂದು ಗುರುತಾಗಲಿ ಅಂತ ಆಸೆ. ಪರದೆಯ ಮೇಲೆ ಚೆನ್ನಾಗೇ ಇತ್ತು. ಒಂದೂವರೆ ಇಂಚಿಗೆ ಪ್ರಿಂಟ್ ತೆಗೆದು ಶಿರಸಿಗೆ ಒಯ್ದೆ. ಅತ್ತೆ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. 'ತಮಾ, ಇದು ಎಂತದು? ಎಂಗೆ ಕಾಣ್ತಿಲ್ಲೆ.' ನನಗೆ ಕಾಣ್ತಿಲ್ಲ ಅಂತ. ಗಟ್ಟುವಿಗೆ ಹಣೆ ಮೇಲೆ ಬಿದ್ದ ಕೂದಲು, ಕೈಯಲ್ಲಿ ಬ್ರಷ್ಷು, ಡಬ್ಬ, ಇಷ್ಟರಲ್ಲೇ ಹುಡುಗ ಮುಗಿದಿದ್ದ. ನಾನು ಅತ್ತೆಯ ಸೀರೆಯ ಅಂಚೂ ಬಿಟ್ಟಿರಲಿಲ್ಲ.

ಎಲ್ಲ ತೆಗೆದೆ. ಉಳಿದದ್ದು 'ಹಪ್ಪಳ' ಅನ್ನೋ ಪದ. ಇಲ್ಲಿ ಇನ್ನೊಂದು ತೊಂದರೆ ಎದುರಾಯ್ತು, ಕನ್ನಡದಲ್ಲಿ ಡಿಸೈನ್ ಮಾಡುವವರಿಗೆಲ್ಲ ಗೊತ್ತಿರೋದೇ. ಲೋಗೋ ಬರೆಯುವ ಸಾಫ್ಟ್‌ವೇರ್ ಇಲಸ್ಟ್ರೇಟರ್‌ನಲ್ಲಿ ಟೈಪ್ ಮಾಡಿದರೆ ಅದು 'ಹಪ್‌ಪಳ' ಆಯ್ತು. ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ನಿಂತುಬಿಡ್ತು. ಪ್ರಿಫರೆನ್ಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ತೋರಿಸು ಅಂತ ಇರೋದಕ್ಕೆ ಟಿಕ್ ಹಾಕಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಅಕ್ಷರ ಜೋಡಿಸುವ ಕಂಪೋಸರನ್ನು ದಕ್ಷಿಣ ಏಷ್ಯಾ ಭಾಷೆಗಳದ್ದಕ್ಕೆ ಬದಲಾಯಿಸಿದ ಮೇಲೆ ಸರಿ ಹೋಯ್ತು. ಇದನ್ನ ಯಾರಾದರೂ ಮೊದಲೇ ಹೇಳಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು, ಅದಕ್ಕೇ ಇಲ್ಲಿ ಬರೀತಿದೀನಿ. ಇನ್ನೊಂದು, ಪ್ರೆಸ್ಸಿಗೆ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿಯೇ, ಅಂದರೆ ಫಾಂಟು ಬೇಡದ ಗೆರೆಚಿತ್ರ ಮಾಡಿಯೇ ಕೊಡಿ. ನಿಮ್ಮ ಫಾಂಟು ಅವರ ಹತ್ತಿರ ಇರಲ್ಲ.

ಸರಿಯಾಗಿ ಬಂದ ಆ ಒತ್ತನ್ನೇ ನೋಡುತ್ತಾ ಕೂತಾಗ ಹೊಳೆಯಿತು. ಹಪ್ಪಳ ಅಂದರೆ ವೃತ್ತ. ವೃತ್ತದೊಳಗೆ ಹೆಸರು. ವೃತ್ತದ ಕೆಳಗಿನ ಅಂಚು ಮುರಿದು ಒಂದು ಚೂರು ಕೆಳಗೆ ಬಿದ್ದ ಹಾಗೆ, ಆ ಚೂರೇ ಪ ಒತ್ತು. ರಾತ್ರಿ ಎರಡು ಗಂಟೆವರೆಗೂ ಬರೆದೆ. ಇಷ್ಟು ಖುಷಿ ಯಾವ ಅಸೈನ್‌ಮೆಂಟಿನಲ್ಲೂ ಸಿಕ್ಕಿರಲಿಲ್ಲ. ಕ್ಲಾಸಿನಲ್ಲಿ ತೋರಿಸಿದಾಗ ಎಲ್ಲರೂ ಮೆಚ್ಚಿದರು.

ಅತ್ತೆಗೆ ಕಳಿಸಿದೆ. ವಾಪಸ್ ಫೋನ್ ಬಂತು. 'ಮುರಿದ ಹಪ್ಪಳ ಯಾರು ತಗೋತ ತಮಾ?'

ಏನು ಹೇಳೋದು. ಮಂಗಳೂರು, ಹುಬ್ಬಳ್ಳಿ ಬಸ್ಸಿಗೆ ಹಾಕಿ ಕಳಿಸುವಾಗ ಒಂದೂ ಮುರಿಯಬಾರದು ಅಂತ ಅತ್ತೆ ಪ್ರತಿ ಕಟ್ಟಿನ ಮೇಲೆ ಕೆಳಗೆ ರಟ್ಟು ಇಡ್ತಾರೆ. ಮುರಿದದ್ದನ್ನು ಬೇರೆ ತೆಗೆದು ಮನೆಗೆ ಇಟ್ಟುಕೊಳ್ತಾರೆ. ನಾನು ಚಿಕ್ಕವನಿದ್ದಾಗ ತಿಂದದ್ದೆಲ್ಲ ಆ ಮುರುಕು ಹಪ್ಪಳವೇ. ಅದು ಗೊತ್ತಿದ್ದೂ ಕವರಿನ ಮೇಲೆ ಮುರಿದ ಹಪ್ಪಳವನ್ನೇ ಬರೆದಿದ್ದೆ. ಲೋಗೋ ನೋಡೋಕೆ ಚೆಂದ ಇತ್ತು, ಆದರೆ ಆ ವ್ಯಾಪಾರಕ್ಕೆ ತಪ್ಪಾಗಿತ್ತು. ಆ ಒಂದು ಪ್ರಶ್ನೆ ನನಗೆ ಮೂರು ವರ್ಷದ ಪಾಠದಷ್ಟು ದೊಡ್ಡದು.

ವೃತ್ತವನ್ನ ಪೂರ್ತಿ ಮಾಡಿದೆ. ಈಗ ಒತ್ತು ಮಾತ್ರ ವೃತ್ತದ ಹೊರಗೆ, ಕೆಳಗೆ ಇಳಿದು ನಿಂತಿದೆ. ಬಣ್ಣ ಒಂದೇ ಇರಬೇಕಿತ್ತು, ಯಾಕಂದ್ರೆ ಕವರಿಗೆ ಸ್ಕ್ರೀನ್ ಪ್ರಿಂಟಿಂಗ್, ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನು, ಬೇರೆ ಖರ್ಚು. ಯಾವ ಬಣ್ಣ ಅಂತ ಯೋಚಿಸುವಾಗ ಚಿಕ್ಕಂದಿನಲ್ಲಿ ಮಾರಿಕಾಂಬಾ ದೇವಸ್ಥಾನದಲ್ಲಿ ನೋಡಿದ ಕಾವಿ ಚಿತ್ರಗಳು ನೆನಪಾದವು. ಸುಣ್ಣದ ಗೋಡೆ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ಕಾಣಿಸುವ ಕಲೆ ಅದು. ಅಲ್ಲೂ ಚಿತ್ರ ಮೂಡೋದು ತೆಗೆದ ಜಾಗದಲ್ಲಿ. ಹಾಗೇ ಮಾಡಿದೆ. ಕಾವಿ ಬಣ್ಣದ ತುಂಬಿದ ವೃತ್ತ, ಅದರೊಳಗೆ ಬಿಳಿಯಾಗಿ ಕೆರೆದ ಹಾಗೆ ಅಕ್ಷರ, ಹೊರಗೆ ಬಂದ ಒತ್ತು ಮಾತ್ರ ಕಾವಿ.

ಆಮೇಲೆ ಉಳಿದದ್ದು ವೃತ್ತಕ್ಕೂ ಒತ್ತಿಗೂ ನಡುವಿನ ಜಾಗ. ದೂರ ಇಟ್ಟರೆ 'ಹಪಳ' ಅಂತ ಓದಿ, ಕೆಳಗಿನದು ಏನೋ ಗುರುತು ಅಂದುಕೊಳ್ತಾರೆ. ಹತ್ತಿರ ಇಟ್ಟರೆ ಅಂಟಿಕೊಳ್ಳುತ್ತೆ. ಅರ್ಧ ಮಿಲಿಮೀಟರ್ ಬಿಟ್ಟು ಮೊದಲ ಸ್ಯಾಂಪಲ್ ತೆಗೆಸಿದೆ. ಪ್ಲಾಸ್ಟಿಕ್ ಮೇಲೆ ಇಂಕು ಹರಡಿ ಸಂದು ಮುಚ್ಚಿಹೋಯ್ತು, ವೃತ್ತಕ್ಕೆ ಬಾಲ ಬಂದ ಹಾಗೆ ಕಂಡಿತು. ಸ್ಟೇಟ್ ಬ್ಯಾಂಕಿನ ಸೀಳನ್ನು ಹನ್ನೊಂದು ಸಲ ಬರೆದದ್ದು ಆಗ ಕೆಲಸಕ್ಕೆ ಬಂತು. ಕಂಪ್ಯೂಟರಿನಲ್ಲಿ ಅಳೆಯೋದು ಬಿಟ್ಟು, ಐದು ಬೇರೆ ಬೇರೆ ಸಂದಿನ ಚೀಟಿಗಳನ್ನು ಕತ್ತರಿಸಿ ಕವರಿಗೆ ಅಂಟಿಸಿದೆ. ಅಂಗಡಿಯ ಕಪಾಟಿನಷ್ಟು ದೂರದಲ್ಲಿಟ್ಟು, ಪಕ್ಕದ ರೂಮಿನವರನ್ನೆಲ್ಲ ಕರೆದು ಓದಿಸಿದೆ. 1.2 ಮಿಲಿಮೀಟರ್ ಇದ್ದದ್ದನ್ನು ಎಲ್ಲರೂ ತಡವರಿಸದೆ 'ಹಪ್ಪಳ' ಅಂತ ಓದಿದರು. ಅದೇ ಅಚ್ಚಾಯ್ತು.

ಕವರ್ ಶಿರಸಿಗೆ ತಲುಪಿದ ದಿನ ಅತ್ತೆ ಒಂದು ಫೋಟೋ ಕಳಿಸಿದರು. ಚಾಪೆ ಮೇಲೆ ಒಣಗೋಕೆ ಹಾಕಿದ ಹಪ್ಪಳ, ಅದರ ನಡುವೆ ಒಂದು ಕವರು. ದೂರದಿಂದ ತೆಗೆದದ್ದು. ಆದರೂ ಓದೋಕಾಗ್ತಿತ್ತು.

ಈಗ ಅತ್ತೆ ಮಿಡಿ ಉಪ್ಪಿನಕಾಯಿಗೂ ಲೇಬಲ್ ಕೇಳಿದಾರೆ. ಅದರಲ್ಲೂ ಪ ಒತ್ತು ಇದೆ. ಒತ್ತಿನ ಜಾಗಕ್ಕೆ ಮಾವಿನ ಮಿಡಿ ಇಡೋಣ ಅಂತ ನೋಟ್‌ಬುಕ್ಕಿನಲ್ಲಿ ಬರೀತಿದೀನಿ, ಆದರೆ ಮಿಡಿ ದಪ್ಪ ಆದರೆ ಒತ್ತು ಕಾಣಲ್ಲ, ಒತ್ತು ಸರಿಯಾದರೆ ಮಿಡಿ ಗೋಡಂಬಿ ಥರ ಕಾಣುತ್ತೆ. ಹದಿನಾಲ್ಕು ಆಗಿವೆ. ಈ ಸಲ ಕ್ಲಾಸಿಗಿಂತ ಮೊದಲು ಅತ್ತೆಗೇ ತೋರಿಸ್ತೀನಿ.