ಕಟಿಂಗ್ ವೀಲ್ ಮೇಲೆ ತಾರೀಖು ಎಲ್ಲಿದೆ?

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಸೇಫ್ಟಿ ನೋಡಿಕೊಳ್ಳೋದು ನನ್ನ ಕೆಲಸ. ದಿನಾ ಬೆಳಿಗ್ಗೆ ಶಿಫ್ಟ್‌ಗೆ ಮುಂಚೆ 10 ನಿಮಿಷ ಟೂಲ್‌ಬಾಕ್ಸ್ ಟಾಕ್, ಅಂದರೆ ಕೆಲಸಗಾರರನ್ನು ಸೇರಿಸಿ ಸೇಫ್ಟಿ ಬಗ್ಗೆ ಮಾತು. ಮೊದಲ ವರ್ಷ ನಾನು ಮಾಡಿದ್ದು ಬರೀ ಪಾರಾಯಣ. ಕನ್ನಡಕ ಹಾಕಿ, ಗ್ಲೌಸ್ ನೋಡಿಕೊಳ್ಳಿ, ಗ್ರೈಂಡರ್‌ನ ವೀಲ್ ಮುಚ್ಚುವ ಗಾರ್ಡ್ ತೆಗೆಯಬೇಡಿ. ಎಲ್ಲರೂ ತಲೆಯಾಡಿಸಿ ರಿಜಿಸ್ಟರ್‌ಗೆ ಸಹಿ ಹಾಕುತ್ತಿದ್ದರು. ಅರ್ಧ ಗಂಟೆಯಲ್ಲಿ ಗಾರ್ಡ್ ಬೆಂಚ್ ಮೇಲೆ ಬಿದ್ದಿರುತ್ತಿತ್ತು.

ಒಂದು ದಿನ ಕೇಳಿದೆ, "ನಿನ್ನೆ ನಾನು ಏನು ಹೇಳಿದೆ?" ರಾಯಚೂರು ಕಡೆಯ ಹುಡುಗನೊಬ್ಬ ಯೋಚಿಸಿ, "ಸೇಫ್ಟಿ ಬಗ್ಗೆ ಹೇಳಿದ್ರಿ ಸರ್" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಚುಚ್ಚಿತು.

ಮರುದಿನ ಹಾಳೆ ಒಯ್ಯಲಿಲ್ಲ. ಸ್ಟೋರ್‌ನಿಂದ ನಾಲ್ಕು ಕಟಿಂಗ್ ವೀಲ್, ಅಂದರೆ ಗ್ರೈಂಡರ್‌ಗೆ ಹಾಕುವ ಲೋಹ ಕತ್ತರಿಸುವ ಬಿಲ್ಲೆ, ತಂದು ಕೈಗೆ ಕೊಟ್ಟೆ. "ಇದರ ಮೇಲೆ ಎಕ್ಸ್‌ಪೈರಿ ತಾರೀಖಿದೆ, ಹುಡುಕಿ." ವರ್ಷಗಟ್ಟಲೆ ಅದನ್ನೇ ಹಿಡಿದು ಕೆಲಸ ಮಾಡಿದವರು ಲೇಬಲ್ ತಿರುಗಿಸಿ ತಿರುಗಿಸಿ ನೋಡಿದರು. ಅದಿರೋದು ನಡುವಿನ ತೂತಿನ ಸುತ್ತ ಇರುವ ಲೋಹದ ಬಳೆಯ ಮೇಲೆ. ಕೊನೆಗೆ ಒಬ್ಬ ಕೂಗಿದ, "ಸರ್, ಇದು ಹೋದ ವರ್ಷವೇ ಮುಗಿದಿದೆ!"

ನಾನು ಬೇಕಂತ ಇಟ್ಟದ್ದಲ್ಲ. ನಮ್ಮ ಸ್ಟೋರ್‌ನಲ್ಲೇ ಇತ್ತು. ಮುಖ ಎಲ್ಲಿಡೋದು ಗೊತ್ತಾಗಲಿಲ್ಲ. ತಪ್ಪು ನಮ್ಮದೇ ಅಂತ ಒಪ್ಪಿಕೊಂಡೆ. ಆಮೇಲೆ ಹೇಳಿದೆ: ವೀಲ್‌ನಲ್ಲಿರುವ ಲೋಹ ಕೊರೆಯುವ ಪುಡಿಯನ್ನು ಅಂಟಿನಂತೆ ಹಿಡಿದಿಡೋದು ರಾಳ. ವಯಸ್ಸಾದರೆ, ತೇವ ತಾಗಿದರೆ ಅದು ಸಡಿಲವಾಗುತ್ತದೆ. ಮನೆಯ ಫ್ಯಾನ್ ನಿಮಿಷಕ್ಕೆ ಸುಮಾರು 350 ಸುತ್ತು ಹಾಕುತ್ತದೆ. ನಮ್ಮ ನಾಲ್ಕಿಂಚಿನ ಗ್ರೈಂಡರ್ ಹಾಕೋದು ಸುಮಾರು 11,000. ಆ ವೇಗದಲ್ಲಿ ವೀಲ್ ಒಡೆದರೆ ಚೂರು ಎತ್ತ ಹಾರುತ್ತದೆ? ಯಾರೂ ಮಾತಾಡಲಿಲ್ಲ. ಅಂದು ಸಂಜೆಯವರೆಗೆ ಒಂದು ಗಾರ್ಡ್ ಕೂಡ ಬಿಚ್ಚಲಿಲ್ಲ.

ಮೂರನೇ ದಿನ ಮತ್ತೆ ಬಿಚ್ಚಿದರು! ಈ ಸಲ ಬೈಯದೆ, ಯಾಕೆ ಅಂತ ಕೇಳಿದೆ. ಒಬ್ಬ ಹಳೇ ವೆಲ್ಡರ್ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಫ್ರೇಮ್‌ನ ಒಳಮೂಲೆಗೆ ಗಾರ್ಡ್ ಅಡ್ಡ ಬರುತ್ತದೆ, ವೀಲ್ ತಲುಪೋದೇ ಇಲ್ಲ. ಒಂದು ವರ್ಷ ಬೈದಿದ್ದೆ, ಒಮ್ಮೆಯೂ ಈ ಪ್ರಶ್ನೆ ಕೇಳಿರಲಿಲ್ಲ. ಈಗ ಪ್ಲೇಟ್ ಕೂರಿಸುವ ಮುಂಚೆಯೇ ಒಳಗಿನ ವೆಲ್ಡ್ ಉಜ್ಜಿಬಿಡುತ್ತೇವೆ. ಆಗಲೂ ತಲುಪದ ಜಾಗಕ್ಕೆ ಉದ್ದ ಮೂತಿಯ ಡೈ ಗ್ರೈಂಡರ್ ಬಂತು. ಮಾಲೀಕರನ್ನು ಒಪ್ಪಿಸೋಕೆ ಎರಡು ತಿಂಗಳು ಹಿಡಿಯಿತು, ಅದು ಬೇರೆ ಕಥೆ.

ಚಾಕ್ಲೇಟ್ ಕೊಟ್ಟು ಕ್ವಿಜ್ ಮಾಡಿದ್ದೂ ಉಂಟು. ಅದು ಸುಮ್ನೆ. ದಿನಾ ಅದೇ ಮೂವರು ಉತ್ತರ ಹೇಳುತ್ತಿದ್ದರು, ಅದೇ ಮೂವರು ಚಾಕ್ಲೇಟ್ ತಿನ್ನುತ್ತಿದ್ದರು. ಕೆಲಸಕ್ಕೆ ಬಂದದ್ದು ಸರದಿ. ದಿನಕ್ಕೊಬ್ಬರು, ತಾವು ಅಂದು ಹಿಡಿಯುವ ಮೆಷಿನ್ ಬಗ್ಗೆ, ತಮ್ಮ ಭಾಷೆಯಲ್ಲೇ. ಬಿಹಾರದ ಹುಡುಗರಿಗೆ ನನ್ನ ಹರಕು ಹಿಂದಿಗಿಂತ ಅವರಲ್ಲೇ ಒಬ್ಬ ಹೇಳಿದರೆ ಜಾಸ್ತಿ ನಾಟುತ್ತದೆ.

ಹೋದ ವಾರ ಆ ರಾಯಚೂರು ಹುಡುಗ ಅಂಚು ಬಿರುಕುಬಿಟ್ಟ ವೀಲ್ ಹಿಡಿದು ಬಂದ. "ನಾಳೆ ಇದನ್ನು ಹೇಳಿ ಸರ್." "ನೀನೇ ಹೇಳಪ್ಪ" ಅಂದೆ. ಹೇಳಿದ. ನಾಲ್ಕೇ ಮಾತು, ಅದರಲ್ಲಿ ಎರಡು ಬೈಗುಳ. ರಿಜಿಸ್ಟರ್‌ನಲ್ಲಿ ಉಳಿದೆರಡನ್ನು ಮಾತ್ರ ಬರೆದೆ.